ಬಾನಿಂದ ಬೀಳಬೇಕಿದ್ದ ಜೋಗುಳ

ನನಗೆ ಮೊಮ್ಮಗಳು ಹುಟ್ಟಿದಳು! ಗುಂಡ್ಲುಪೇಟೆಯಲ್ಲಿ ಯಾರಿಗಾದರೂ ಈ ಸುದ್ದಿ ತಲುಪಲಿಲ್ಲವೆಂದರೆ ಅವರು ಆಗ ಊರಲ್ಲೇ ಇರಲಿಲ್ಲ ಎಂದರ್ಥ. ಸಂತೆಯಲ್ಲಿ ತರಕಾರಿ ಮಾರುವವಳಾದ್ದರಿಂದ ನನ್ನ ಗಂಟಲಿಗೆ ಬರವಿಲ್ಲ. ಬದನೆಕಾಯಿ ಕೊಳ್ಳಲು ಬಂದವರಿಗೆಲ್ಲ ಮಗುವಿನ ಮೂಗು ಥೇಟ್ ನನ್ನದೇ ಎಂದು ಕೂಗಿ ಹೇಳಿದ ಮೇಲೆಯೇ ತಕ್ಕಡಿ ಎತ್ತುತ್ತಿದ್ದೆ.

ಮಗಳು ರತ್ನ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ನಾಮಕರಣವೂ ನಮ್ಮಲ್ಲೇ. ಚಾಮರಾಜನಗರದಿಂದ ಬೀಗರು ಬರಬೇಕು. ಬೀಗಿತಿ ಪುಟ್ಟಮ್ಮಣ್ಣಿ ಸೋಬಾನೆ ಎತ್ತಿದರೆ ಮದುಮಗಳಿರಲಿ, ಅಡುಗೆಯವರೂ ಸೌಟು ಬಿಟ್ಟು ಅಳುತ್ತಾರೆ. ನನಗೆ ಹಾಡು ಬರುವುದಿಲ್ಲ. ಆಕೆಯ ಮುಂದೆ ನನ್ನ ತಲೆ ತಗ್ಗುತ್ತಿದ್ದದ್ದು ಇದೊಂದರಲ್ಲೇ. ಆದರೆ ಈ ಸಲ ನನ್ನ ಹತ್ತಿರ ರೇಡಿಯೋ ಇತ್ತು!

ಅಂಥಿಂಥ ರೇಡಿಯೋ ಅಲ್ಲ. ಅಳಿಯ ಹಬ್ಬಕ್ಕೆ ತಂದುಕೊಟ್ಟದ್ದು. ಮಾಳಿಗೆಯ ಮೇಲೆ ರೊಟ್ಟಿ ಹೆಂಚಿನಷ್ಟು ಅಂಟೆನಾ. ಅದಕ್ಕೆ ಉಪಗ್ರಹದಿಂದ ನೇರವಾಗಿ ಹಾಡು ಬಂದು ಬೀಳುತ್ತಿತ್ತು. ಗುಂಡಿ ಒಂದು ಕಡೆ ತಿರುಗಿಸಿದರೆ ನಾದಸ್ವರ, ಇನ್ನೊಂದು ಕಡೆ ಕೊಳಲು. ಕೊಳಲು ಕೇಳಿದರೆ ಸಾಕು, ಮಗು ನಿದ್ದೆ! ಹಾಗಾಗಿ ಭೀಮನಬೀಡಿನ ಓಲಗದವರಿಗೆ ಬರಬೇಡಿ ಎಂದು ಹೇಳಿ ಕಳಿಸಿದೆ. ಬೀಗಿತಿಗೆ ಫೋನು ಮಾಡಿದೆ.

“ನೀವು ಗಂಟ್ಲು ನೋಯಿಸ್ಕಬ್ಯಾಡಿ ಕಣಮ್ಮ. ನಮ್ಮನೇಲಿ ಜೋಗುಳ ಆಕಾಸದಿಂದ್ಲೇ ಬತ್ತದೆ!”

ಆಕೆ ಆ ಕಡೆಯಿಂದ “ಆಗ್ಲಿ ಬುಡಿ,” ಎಂದರು. ಆ ‘ಬುಡಿ’ಗೆ ನಾನು ಹೆದರಬೇಕಿತ್ತು. ಹೆದರಲಿಲ್ಲ.

ಅಷ್ಟರಲ್ಲಿ ರೇಡಿಯೋದ ಗಾಜಿನ ಮೇಲೆ ಇಂಗ್ಲಿಷ್ ಅಕ್ಷರಗಳು ಇರುವೆ ಸಾಲಿನಂತೆ ಓಡತೊಡಗಿದವು. ಮೊದಲೂ ಹಾಡಿನ ಹೆಸರು ಓಡುತ್ತಿತ್ತು, ಈಗ ಉದ್ದುದ್ದ. ನನಗೆ ಕನ್ನಡವೇ ಕೂಡಿಸಿ ಕೂಡಿಸಿ ಓದುವಷ್ಟು. ನಮ್ಮ ಯಜಮಾನರನ್ನು ಕೇಳಿದೆ. ಕನ್ನಡಕ ಹಾಕಿ, ತೆಗೆದು, ಒರೆಸಿ, ಮತ್ತೆ ಹಾಕಿ ಘೋಷಿಸಿದರು:

“ಕಂಪ್ನಿಯೋರು ನಮ್ಗೆ ಸುಭಾಸಯ ಹೇಳವ್ರೆ ಕಣಮ್ಮಿ!”

ಇಂಗ್ಲಿಷ್ ಬರುವವಳು ಮನೆಯಲ್ಲಿ ರತ್ನ ಒಬ್ಬಳೇ. ಆದರೆ ಬಾಣಂತಿ ಓದಿದರೆ ಕಣ್ಣು ಮಂಜಾಗುತ್ತದೆ ಎಂದು ನಾನು ಆಜ್ಞೆ ಹೊರಡಿಸಿದ್ದೆ. ಅವಳು ಬಾಗಿಲಲ್ಲಿ ಇಣುಕಿದಾಗಲೆಲ್ಲ ರೇಡಿಯೋ ಮೇಲೆ ಟವೆಲ್ ಹಾಕುತ್ತಿದ್ದೆ. ಪಕ್ಕದ ಮನೆಯ ಟೈಲರ್ ಜುಬೇದಾಳನ್ನು ಮಾತ್ರ ಕರೆದು ತೋರಿಸಿದೆ. ಅವಳಿಗೂ ಓದಲು ಬರದು. ಇಬ್ಬರೂ ಕೂತು ಶುಭಾಶಯವನ್ನು ಕಣ್ತುಂಬ ನೋಡಿದೆವು!

ನಾಮಕರಣದ ಬೆಳಗ್ಗೆ ಗುಂಡಿ ತಿರುಗಿಸಿದೆ. ಸದ್ದಿಲ್ಲ.

ಇನ್ನೊಮ್ಮೆ ತಿರುಗಿಸಿದೆ. ಅಕ್ಷರ ಓಡುತ್ತಿದೆ, ಹಾಡಿಲ್ಲ. ಯಜಮಾನರು ಹೊಸ ಪಂಚೆಯಲ್ಲೇ ಮಾಳಿಗೆ ಹತ್ತಿದರು.

“ಎತ್ಲಾಗೆ ತಿರುಗಿಸ್ಲಿ?”

“ಗೋಪಾಲಸ್ವಾಮಿ ಬೆಟ್ಟದ ಕಡೀಕೆ ತಿರುಗ್ಸಿ! ಕೊಳಲೂದೋ ದೇವ್ರು, ಒಂದಾದ್ರೂ ಊದಾನು!”

ಊದಲಿಲ್ಲ. ಮದ್ದೂರು ಕಾಡಿನ ಕಡೆ ತಿರುಗಿಸಿದರು. ಆನೆಯೂ ಘೀಳಿಡಲಿಲ್ಲ. ದೃಷ್ಟಿಯಾಗಿದೆ ಎಂದು ಜುಬೇದಾ ಹೇಳಿದಳು. ಅಂಟೆನಾಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದೆವು. ನೋಡಲು ಲಾರಿಯಂತೆ ಕಂಡಿತು, ಅಷ್ಟೇ.

ಆಗ ಬೀಗರು ಬಂದೇಬಿಟ್ಟರು! ಅಳಿಯ ಚಪ್ಪಲಿ ಬಿಟ್ಟವನೇ ರೇಡಿಯೋ ನೋಡಿ, “ಅತ್ತೆ, ಕಂಪ್ನಿ ಮುಚ್ಚೋಯ್ತು. ಇವತ್ತಿಂದ ಹಾಡು ಬರಲ್ಲ ಅಂತ ಬರ್ದವ್ರೆ. ಮೊದ್ಲೇ ಹೇಳಿರ್ತಾರಲ್ಲ?” ಎಂದ.

ನಾನು ಯಜಮಾನರ ಕಡೆ ನೋಡಿದೆ. ಅವರು ಮಾಳಿಗೆಯಿಂದ ಇಳಿಯಲೇ ಇಲ್ಲ.

“ಕಂಪ್ನಿ ಮುಚ್ಚುದ್ರೆ ನಮ್ಮ ರೇಡಿಯೋಗೇನಪ್ಪ ಬಂತು? ಸೀರೆ ಅಂಗ್ಡಿ ಮುಚ್ಚುದ್ರೆ ಉಟ್ಟಿರೋ ಸೀರೆ ಮಾಯವಾದದಾ?” ಎಂದು ಅಳಿಯನನ್ನೇ ಕೇಳಿದೆ.

ವಾದದಲ್ಲಿ ನಾನೇ ಗೆದ್ದೆ. ಆದರೆ ತೊಟ್ಟಿಲು ಕಾಯುತ್ತಿತ್ತು. ಹಾಡಿಲ್ಲದೆ ಮಗುವನ್ನು ತೊಟ್ಟಿಲಿಗೆ ಹಾಕಿದ ಮನೆ ಎಂದು ಊರು ಆಡಿಕೊಳ್ಳುತ್ತದೆ. ನನ್ನ ಬಂಗಾರದ ಕೂಸಿಗೆ ಆ ಕೊರತೆಯೇ? ಮಾನ ಬಿಟ್ಟು ಬೀಗಿತಿಯ ಮುಂದೆ ನಿಂತೆ.

“ಒಂದು ಜೋಗುಳ ಹೇಳ್ಬುಡಿ ಕಣಮ್ಮ.”

ಆಕೆ ನಿಧಾನವಾಗಿ ವೀಳ್ಯದೆಲೆಗೆ ಸುಣ್ಣ ಸವರಿದರು. “ಗಂಟ್ಲು ನೋಯಿಸ್ಕಬ್ಯಾಡಿ ಅಂದ್ರಲ್ಲ? ಇಗೊಳ್ಳಿ, ಎಲೆ ಹಾಕ್ಕಂಡೆ. ಆಕಾಸ ಕೈಕೊಟ್ರೆ ಅಜ್ಜಿ ಇಲ್ವಾ? ಹಾಡಿ!”

ಪದ್ಧತಿಯಂತೆ ಮೊದಲು ಅರೆಯುವ ಗುಂಡುಕಲ್ಲಿಗೆ ಕುಲಾವಿ ತೊಡಿಸಿ ತೊಟ್ಟಿಲಲ್ಲಿ ಮಲಗಿಸಿದೆವು. ಅದರ ಮುಂದೆ ಅಭ್ಯಾಸ ಮಾಡಿದೆ. ಕಲ್ಲು ತಡೆದುಕೊಂಡಿತು. ಆಮೇಲೆ ಮಗುವನ್ನು ಮಲಗಿಸಿದೆವು. ಮಗು ಕಿರುಚಿತು. ನಾನು ಕಣ್ಣು ಮುಚ್ಚಿ “ಜೋ… ಜೋ…” ಎಂದು ಎತ್ತಿದೆ. ನನಗೆ ಗೊತ್ತಿರುವ ರಾಗ ಒಂದೇ, ಸಂತೆಯದು! ಅಷ್ಟರಲ್ಲಿ ದಾರಿಹೋಕರೊಬ್ಬರು ಬಾಗಿಲಿಗೆ ಬಂದು ಕೇಳಿದರು:

“ಬದ್ನೆಕಾಯಿ ಹೆಂಗಮ್ಮ?”

ಪುಟ್ಟಮ್ಮಣ್ಣಿಯ ಬಾಯಲ್ಲಿದ್ದ ಎಲೆಯಡಿಕೆ ನೆಲ ಕಂಡಿತು. ಆದರೂ ನಾನು ನಿಲ್ಲಿಸಲಿಲ್ಲ. ಕಣ್ಣು ಬಿಟ್ಟು ನೋಡುತ್ತೇನೆ, ಮಗು ಗಪ್‌ಚುಪ್! ಕಣ್ಣು ಮುಚ್ಚಿದೆ!

“ನೋಡಿದ್ರಾ! ಮಲಗ್ಬುಟ್ಲು ನನ್ ಕೂಸು!” ಎಂದು ನೆರೆದವರನ್ನೆಲ್ಲ ನೋಡಿ ಬೀಗಿದೆ.

ರತ್ನ ತೊಟ್ಟಿಲಿಗೆ ಬಗ್ಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಮಲಗಿಲ್ಲ ಕಣವ್ವ. ನೀನು ನಿಲ್ಲಿಸ್ಲಿ ಅಂತ ಕಣ್ ಮುಚ್ಕಂಡವ್ಳೆ.”

ನಾನೂ ಬಗ್ಗಿದೆ. ಒಂದು ಕಣ್ಣು ಮೆಲ್ಲಗೆ ತೆರೆಯಿತು. ನನ್ನನ್ನು ಕಂಡಿತು. ಗಬಕ್ಕನೆ ಮುಚ್ಚಿಕೊಂಡಿತು!

ಮೂಗು ನನ್ನದೇ, ಅನುಮಾನವಿಲ್ಲ. ಕಿವಿ ಮಾತ್ರ ಬೀಗಿತಿಯದು.