ಮಾವ ಒತ್ತಿದ ಶಾವಿಗೆ

ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ನಮ್ಮ ಅಜ್ಜಿ ನಮ್ಮ ಮಾವನ ಸಂಶೋಧನೆಯನ್ನು ತಿಂದುಬಿಟ್ಟರು.

ಮಾವ, ಅಂದರೆ ಅಜ್ಜಿಯ ಮಗ, ಹತ್ತಿಯಿಂದ ಹತ್ತಿ ಮಾಡುವವರು! ಹುಣಸೂರಿನಲ್ಲಿ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದ ಅಟೆಂಡರ್ ಆಗಿದ್ದವರು, ನಿವೃತ್ತರಾದ ಮೇಲೆ ಗಾವಡಗೆರೆಯ ಮನೆ ಹಿತ್ತಿಲಲ್ಲಿ ಸ್ವಂತದ್ದೊಂದು ತೆರೆದರು. ಕೋಟೆ ತಾಲ್ಲೂಕಿನ ಹತ್ತಿಯನ್ನು ಕರಗಿಸಿ ಗಂಜಿ ಮಾಡುವುದು, ನೀರು ಕಂಡರೆ ಉಬ್ಬುವ ಪಾಲಿಮರ್ ಪುಡಿ ಬೆರೆಸುವುದು, ಆಮ್ಲದ ನೀರಿಗೆ ಎಳೆಎಳೆಯಾಗಿ ಒತ್ತಿ ಮತ್ತೆ ನಾರು ಮಾಡುವುದು. ಒತ್ತುವ ಯಂತ್ರ ಯಾವುದು? ಅತ್ತೆಯ ಶಾವಿಗೆ ಒರಳು.

"ಅಂಗೇ ಬುಟ್ಟಿದ್ರೂ ಅದು ಹತ್ತಿಯಾಗೇ ಇರ್ತಿತ್ತು ಕಣ್ರೀ," ಎನ್ನುತ್ತಿದ್ದರು ಅತ್ತೆ.

"ಇದು ನೀರು ಕುಡಿಯೋ ಹತ್ತಿ ಕಣೇ."

"ಊರಲ್ಲಿ ಕುಡಿಯೋರು ಸಾಲ್ದು ಅಂತ ಇದೊಂದು."

ಹಾಸಿಗೆ ಹಿಡಿದಿದ್ದ ಅಜ್ಜಿಗೆ ಮೂತ್ರ ನಿಲ್ಲುತ್ತಿರಲಿಲ್ಲ. ಅಂಗಡಿಯ ಡೈಪರ್ ಕಟ್ಟಿದರೆ ತೊಡೆ ಸುಲಿಯುತ್ತಿತ್ತು. ಮಾವ, ಅತ್ತೆ ರಾತ್ರಿಗೆ ನಾಲ್ಕು ಸಲ ಎದ್ದು ಬಟ್ಟೆ ಬದಲಿಸುತ್ತಿದ್ದರು. ಪ್ರತಿ ಸಲವೂ ಅಜ್ಜಿ ನಾಚಿ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಅವ್ವ ಒಂದು ರಾತ್ರಿಯಾದರೂ ಒಣ ಹಾಸಿಗೆಯಲ್ಲಿ ಮಲಗಲಿ ಎಂಬುದಷ್ಟೇ ಮಾವನ ಆಸೆ.

ಬಿ.ಎಸ್ಸಿ. ಓದಿದ ನನಗೆ ಇದೆಲ್ಲ ತಮಾಷೆ. ಆ ದಿನ ಜಗಲಿಯ ಬಿಸಿಲಿಗೆ ಕೂರಿಸಿದ್ದ ಅಜ್ಜಿ, ಪಕ್ಕದ ಮೊರದಲ್ಲಿ ಒಣಗುತ್ತಿದ್ದ ಬಿಳಿ ಎಳೆ ನೋಡಿ, "ಏನ್ಲಾ ಅದು?" ಎಂದರು.

"ನಿನ್ ಮಗ ಒತ್ತಿರೋ ಶಾವ್ಗೆ ಕಣಜ್ಜಿ," ಎಂದು ನಾನೇ ನಕ್ಕು, ಫೋನು ನೋಡುತ್ತಾ ಕೂತೆ.

ಮಗ ಒತ್ತಿದ್ದಲ್ಲವೇ? ಒಂದು ಹಿಡಿ ಬಾಯಿಗೆ ಹೋಯಿತು. ನಾರು ಎಂಜಲು ಕುಡಿದು ಗಂಟಲಲ್ಲಿ ಉಬ್ಬಿತು. ಸಂಶೋಧನೆ ಗೆದ್ದದ್ದು ಹೀಗೆ. ಅಜ್ಜಿಯಿಂದ ಸದ್ದೇ ಇಲ್ಲ. ತುಟಿ ನೀಲಿಯಾಗುತ್ತಿತ್ತು. ಮಾವ ಓಡಿ ಬಂದು ಎರಡು ಬೆರಳು ಹಾಕಿ ಎಳೆದರು. ಎಳೆದಷ್ಟೂ ಬರುತ್ತಲೇ ಇತ್ತು. ನಾನು ಮೊರ ಹಿಡಿದು ನಿಂತಿದ್ದೆ. ಕಣ್ಣು ಮುಚ್ಚಿದರೆ ಈಗಲೂ ಹಾಗೇ ನಿಂತಿರುತ್ತೇನೆ.

ಆಸ್ಪತ್ರೆಯಲ್ಲಿ ಮಾವ ಡಾಕ್ಟರಿಗೆ, "ತಪ್ಪು ನಂದೇ ಸಾರ್, ಅಲ್ಲಿ ಇಡಬಾರದಿತ್ತು," ಎಂದರು. ಅಜ್ಜಿ ನನ್ನ ಹೆಸರು ಎತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಮನೆಗೆ ಬಂದವರೇ ಮಾವ ಒರಳನ್ನು ಅಟ್ಟಕ್ಕೆ ಹಾಕಿದರು. ಗಂಟಲು ವಾಸಿಯಾದ ಮೇಲೆ ಅಜ್ಜಿಯೇ ಮಾವನನ್ನು ಕರೆದು ಹೇಳಿದರು: "ಮಿಕ್ಕಿರೋ ಶಾವ್ಗೆ ಬಟ್ಟೆಗಿಟ್ಟು ಹೊಲ್ಕೊಡು ಕಣ್ಲಾ. ತಿನ್ನಾಕಿಲ್ಲ ಬುಡು."

ಆಮ್ಲದ ಪಸೆ ಹೋಗಲೆಂದು ನಾನು ಆ ನಾರನ್ನು ಮೂರು ದಿನ ತೊಳೆದು ಒಣಗಿಸಿದೆ. ಅತ್ತೆ ಹಳೇ ಸೀರೆಯಲ್ಲಿಟ್ಟು ಹೊಲಿದರು.

ಅದನ್ನು ಅಜ್ಜಿಗೆ ಕಟ್ಟಿದ ಮರುದಿನ, ಭಾನುವಾರ, ಎಲ್ಲರಿಗೂ ಎಚ್ಚರವಾದದ್ದು ಏಳು ಗಂಟೆಗೆ. ಅಜ್ಜಿ ಒಮ್ಮೆಯೂ ಕೂಗಿರಲಿಲ್ಲ. ಮಾವ ಎದ್ದುಬಿದ್ದು ಓಡಿ ಅಜ್ಜಿಯ ಮೂಗಿನ ಬಳಿ ಬೆರಳಿಟ್ಟರು.

"ನಿದ್ದೆ ಮಾಡಾಕೂ ಬುಡಾಕಿಲ್ವೇನ್ಲಾ?"

ಮಾವ ಹಾಸಿಗೆ ಮುಟ್ಟಿ ನೋಡಿದರು. ಮತ್ತೆ ಮುಟ್ಟಿದರು. ಆಮೇಲೆ ಮಂಚದ ಬುಡದಲ್ಲಿ ಬರೀ ನೆಲದ ಮೇಲೇ ಉರುಳಿಕೊಂಡರು. ಎದ್ದ ಮೇಲೆ ಎಲ್ಲ ಹೇಳಿಬಿಡೋಣವೆಂದು ನಾನು ಪಕ್ಕದಲ್ಲೇ ಕೂತೆ. ಮಧ್ಯಾಹ್ನವಾದರೂ ಮಾವ ಗೊರಕೆ ಹೊಡೆಯುತ್ತಲೇ ಇದ್ದರು. ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ.