ಚಾಳೀಸ ಬೇಕೇ ಬೇಕ್ರಿ

ಶಹಾಪುರದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ, ಮೋತಿಬಿಂದು, ಅಂದರೆ ಕಣ್ಣಿನ ಪೊರೆಯ ಆಪರೇಷನ್ನಿಗೆ ಬಂದವರಿಗೆ ಕಣ್ಣೊಳಗೆ ಯಾವ ಲೆನ್ಸ್ ಹಾಕಿಸಿಕೊಂಡರೆ ಏನು ಎಂದು ತಿಳಿಸಿ ಹೇಳುವುದು ನನ್ನ ಕೆಲಸ. ಆಪರೇಷನ್ ಡಾಕ್ಟರು ಮಾಡುತ್ತಾರೆ, ಫಜೀತಿ ನನ್ನ ಪಾಲಿಗೆ. ನಾನು ಹೇಳುವುದು ದಿನಾ ಅದೇ ನಾಲ್ಕು ಮಾತು. ಎದುರಿಗೆ ಕೂತವರು ಅದನ್ನು ಕೇಳಿಸಿಕೊಳ್ಳುವ ರೀತಿ ಮಾತ್ರ ಒಂದು ದಿನವೂ ಒಂದೇ ಥರ ಇರುವುದಿಲ್ಲ.

ಆರರಲ್ಲಿ ಎರಡು

ಯಾದಗಿರಿಯಿಂದ ಬಟ್ಟೆ ಅಂಗಡಿಯ ಸಾವುಕಾರರು ಬಂದಿದ್ದರು. ನಾನು ಪಾಠ ಶುರು ಮಾಡಿದೆ: ಸಾದಾ ಲೆನ್ಸ್ ಹಾಕಿದರೆ ದೂರದ್ದು ಚೆನ್ನಾಗಿ ಕಾಣುತ್ತದೆ, ಓದುವುದಕ್ಕೆ ಚಾಳೀಸ ಬೇಕಾಗುತ್ತದೆ. ನಮ್ಮ ಕಡೆ ಕನ್ನಡಕಕ್ಕೆ ಚಾಳೀಸ ಎನ್ನುತ್ತಾರೆ; ಚಾಳೀಸ ಎಂದರೆ ನಲವತ್ತು, ಆ ವಯಸ್ಸಿಗೆ ಮೂಗಿನ ಮೇಲೆ ಬಂದು ಕೂರುತ್ತದೆ ಅಂತ. ಮಲ್ಟಿಫೋಕಲ್ ಹಾಕಿದರೆ ದೂರ, ನಡು, ಹತ್ತಿರ ಮೂರೂ ಕಾಣುತ್ತವೆ, ಚಾಳೀಸದ ಹಂಗು ಬಹಳ ಮಟ್ಟಿಗೆ ತಪ್ಪುತ್ತದೆ.

ಸಾವುಕಾರರು ಬೆರಳು ಮಡಚಿದರು. “ಒಂದು ಕಣ್ಣಿಗಿ ಮೂರಂದ್ರ ಎರಡಕ್ಕ ಆರಾದ್ವು. ನನಗ ನಾಕು ಸಾಕ್ರಿ ಮೇಡಮ್. ಉಳಿದೆರಡು ನಮ್ಮ ಮನಿಯವ್ರಿಗಿ ಹಾಕಾಕ ಬರ್ತದೇನ್ರಿ?”

ಪ್ರಭಾವಳಿ

ಅದೇ ಸಾವುಕಾರರು ಮಲ್ಟಿಫೋಕಲ್ಲನ್ನೇ ಹಾಕಿಸಿಕೊಂಡರು. ಕತ್ತಲಾದ ಮೇಲೆ ದೀಪದ ಸುತ್ತ ಬೆಳಕಿನ ಉಂಗುರ ಕಾಣಬಹುದು ಎಂದು ಮೊದಲೇ ಹೇಳಿದ್ದೆ. “ಆಗ್ಲಿ ಬಿಡ್ರಿ” ಎಂದಿದ್ದರು. ಎಂಟೇ ದಿನಕ್ಕೆ ಬಂದು ನಿಂತರು.

“ಮೇಡಮ್, ಸಂಜಿಮುಂದ ಎದುರಿಗಿ ಬರೋ ಒಂದೊಂದು ಬೈಕಿಗೂ ಪ್ರಭಾವಳಿ ಕಾಣಾಕತ್ತದ. ನಾ ಕೈ ಮುಗೀಬೇಕೋ, ಬದಿಗಿ ಸರೀಬೇಕೋ?”

“ಮೊದಲ ಬದಿಗಿ ಸರೀರಿ,” ಎಂದೆ. ನಾಲ್ಕಾರು ತಿಂಗಳಲ್ಲಿ ಹೆಚ್ಚಿನವರಿಗೆ ರೂಢಿಯಾಗುತ್ತದೆ ಎಂದು ಡಾಕ್ಟರೂ ಧೈರ್ಯ ಹೇಳಿ ಕಳಿಸಿದರು. ಎಲ್ಲರೂ ನಕ್ಕೆವು. ಆದರೆ ಮನೆಗೆ ಹೋಗುವಾಗ ನನಗೆ ಅದೇ ಚಿಂತೆ. ನಾನು ಕುರ್ಚಿಯಲ್ಲಿ ಕೂತು ಒಂದು ಮಾತು ಹೇಳಿ ಮುಗಿಸುತ್ತೇನೆ, ಅದರ ಜೊತೆ ಬಾಳುವೆ ಮಾಡುವವರು ಅವರು. ಅಂದಿನಿಂದ ಯಾರೇ ಬಂದರೂ ಲೆನ್ಸಿನ ಮಾತಿಗಿಂತ ಮೊದಲು, ಈ ಕಣ್ಣಿನಿಂದ ನಿಮಗೆ ಏನೇನು ಆಗಬೇಕು ಎಂದು ಕೇಳುತ್ತೇನೆ.

ಸೊಸೆಯ ಅರ್ಜಿ

ಸುರಪುರದ ಒಬ್ಬ ಅಜ್ಜಿಗೂ ಹಾಗೇ ಕೇಳಿದೆ. “ಕೌದಿ ಹೊಲಿತೀನಿ, ಸೂಜಿಗಿ ದಾರ ಪೋಣಿಸಬೇಕು. ಜ್ವಾಳ ಹಸನ ಮಾಡಬೇಕು,” ಎಂದಳು. ಹತ್ತಿರದ್ದೂ ಕಾಣುವ ಲೆನ್ಸೇ ಸರಿ ಎಂದು ಬರೆದುಕೊಳ್ಳುತ್ತಿದ್ದೆ. ಸೊಸೆ ಬಾಗಿಲ ಹತ್ತಿರ ಕರೆದು ಪಿಸುಗುಟ್ಟಿದಳು.

“ಬರೇ ದೂರದ್ದು ಹಾಕ್ರಿ ಮೇಡಮ್. ಕಣ್ಣ ಕಾಣದಿದ್ದಾಗೇ, ನಾ ಹಸನ ಮಾಡಿದ ಜ್ವಾಳದಾಗ ದಿನಾ ನಾಕು ಕಲ್ಲು ಹುಡುಕಿ ಕೊಡ್ತಾಳ. ಕಂಡ್ರ ನನ್ನ ಗತಿ ಏನ್ರಿ?”

ನಂಬರ್ ಕೂಡಂಗಿಲ್ಲ

ಇನ್ನೊಬ್ಬರು ವನದುರ್ಗದ ಕಡೆಯ ಹಳ್ಳಿಯ ಹಿರಿಯರು. ಊರಲ್ಲಿ ಏನೇ ತಕರಾರು ಎದ್ದರೂ ಅವರ ಮಾತೇ ಕೊನೆಯಂತೆ. ಬಗಲಲ್ಲಿ ಅಂದಿನ ಪೇಪರು. ಜೊತೆಗೆ ಮಗಳು, ಶಾಲೆಯಲ್ಲಿ ಟೀಚರು.

“ಅಪ್ಪಗ ಮಲ್ಟಿಫೋಕಲ್ಲೇ ಹಾಕ್ರಿ,” ಎಂದಳು ಮಗಳು. “ಜೀವಮಾನ ಪೂರಾ ಚಾಳೀಸ ಮರ್ತೇ ಓಡಾಡ್ಯಾರ. ನಾ ಸಣ್ಣಾಕಿ ಇದ್ದಾಗ ದಿನಾ ಪೇಪರ್ ತಂದು, ‘ಚಾಳೀಸ ಇಲ್ಲವ್ವ, ನೀನೇ ಓದು’ ಅಂತಿದ್ರು. ಇನ್ನರೆ ತಾವೇ ಆರಾಮ ಓದ್ಲಿ.”

“ಬ್ಯಾಡ. ಸಾದಾದ್ದೇ ಸಾಕು,” ಎಂದರು ಹಿರಿಯರು.

“ಯಾಕಪ್ಪ?”

“ನನಗ ಚಾಳೀಸ ಬೇಕು.”

ಚಾಳೀಸ ಬೇಡ ಎನ್ನುವವರನ್ನು ದಿನಾ ಕಾಣುತ್ತೇನೆ. ಬೇಕು ಎಂದು ಹಟ ಹಿಡಿದವರನ್ನು ಕಂಡದ್ದು ಅದೇ ಮೊದಲು.

ಹತ್ತಿರದ ನೋಟ ಹೇಗಿದೆ ನೋಡೋಣವೆಂದು ಅಕ್ಷರದ ಕಾರ್ಡು ಕೊಟ್ಟೆ. ಜೇಬು ಮುಟ್ಟಿಕೊಂಡು, “ಚಾಳೀಸ ಮನ್ಯಾಗ ಉಳೀತ್ರಿ,” ಎಂದರು. ನಮ್ಮದೊಂದು ಹಾಕಿದೆ. “ನಂಬರ್ ಕೂಡಂಗಿಲ್ಲ.” ಇನ್ನೊಂದು ಹಾಕಿದೆ. “ಇದೂ ಇಲ್ಲ.” ಆರನೆಯದೂ ಕೂಡಲಿಲ್ಲ. ಸಾಕಾಗಿ, ಅಕ್ಷರವಿಲ್ಲದ ಬೇರೆ ಕಾರ್ಡು ಹಿಡಿದೆ. ಅದರಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಮೂರು ಗೆರೆ ಚಾಚಿದ ಗುರುತುಗಳಿರುತ್ತವೆ, ಗೆರೆ ಯಾವ ಕಡೆ ಚಾಚಿದೆ ಎಂದು ಬೆರಳಲ್ಲಿ ತೋರಿಸಿದರೆ ಸಾಕು. ಹಿರಿಯರು ‘ಕೂಡಂಗಿಲ್ಲ’ ಎಂದ ಅದೇ ಚಾಳೀಸದಲ್ಲಿ, ಇನ್ನೂ ಪೊರೆ ಬಲಿಯದ ಎಡಗಣ್ಣಿನಿಂದ, ಕೊನೆಯ ಸಾಲಿನವರೆಗೂ ಪಟಪಟನೆ ತೋರಿಸಿಬಿಟ್ಟರು.

ಆಗ ನನಗೆ ತಿಳಿಯಿತು, ನಾಚಿಕೆಯೂ ಆಯಿತು. ಆರು ಚಾಳೀಸ ಏರಿಸಿ ದೊಡ್ಡ ಮನುಷ್ಯನನ್ನು ಮಗಳೆದುರು ಇಕ್ಕಟ್ಟಿಗೆ ಸಿಕ್ಕಿಸಿದ್ದೆ. ಶುಗರ್ ರಿಪೋರ್ಟ್ ತನ್ನಿ ಎಂದು ಮಗಳನ್ನು ಹೊರಗೆ ಕಳಿಸಿದೆ.

“ತಿಳೀತಲ್ಲ ತಂಗೀ?” ಹಿರಿಯರು ದನಿ ತಗ್ಗಿಸಿದರು. “ಸಹಿ ಒಂದು ಮಾಡಾಕ ಬರ್ತದ, ಅಷ್ಟೇ. ಊರಾಗ ಯಾರಿಗೂ ಗೊತ್ತಿಲ್ಲ, ಅಕಿಗೂ ಗೊತ್ತಿಲ್ಲ. ಯಾರರೆ ಕಾಗದ ತಂದ್ರ, ಚಾಳೀಸ ಮರ್ತೀನಿ, ನೀನೇ ಓದಿ ಹೇಳು ಅಂತೀನಿ. ನೀವು ಚಾಳೀಸೇ ಬ್ಯಾಡಾದಂಥ ಕಣ್ಣ ಹಾಕಿದ್ರ ನಾಳಿ ಏನ್ ಹೇಳ್ಲಿ? ಕಣ್ಣ ಮನ್ಯಾಗ ಬಿಟ್ಟು ಬಂದೀನಿ ಅನ್ಲಾ?”

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು, ಆದರೆ ಪೇಪರು ಹಿಡಿದ ಕೈ ಬಿಗಿಯಾಗಿತ್ತು.

ಮಗಳು ಬಂದಾಗ, “ನಿಮ್ಮಪ್ಪಗ ಚಾಳೀಸ ಬೇಕೇ ಬೇಕ್ರಿ,” ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವರಿಗೆ ಸಾದಾ ಲೆನ್ಸೇ ಇಷ್ಟ ಎಂದು ಡಾಕ್ಟರಿಗೆ ತಿಳಿಸಿದೆ, ಅವರು ಒಪ್ಪಿದರು.

ತಿಂಗಳೊಪ್ಪತ್ತಿಗೆ ತಪಾಸಣೆಗೆ ಬಂದಾಗ ಹಿರಿಯರ ಮುಖ ಸಪ್ಪಗಿತ್ತು. ಕೊರಳಲ್ಲಿ ಹೊಸ ಚಾಳೀಸ, ಅದಕ್ಕೊಂದು ಗಟ್ಟಿ ಕರಿ ದಾರ.

“ಇನ್ನ ಮರೆಯೋ ಮಾತೇ ಇಲ್ರಿ ಮೇಡಮ್,” ಎಂದಳು ಮಗಳು ಖುಷಿಯಿಂದ. ತಾನೇ ಅದನ್ನು ಅಪ್ಪನ ಮೂಗಿಗೇರಿಸಿ, ಪೇಪರು ಬಿಡಿಸಿ ಕೈಗೆ ಕೊಟ್ಟಳು. “ಕಾಣ್ತದೇನಪ್ಪ?”

ಹಿರಿಯರು ಒಮ್ಮೆ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಪೇಪರನ್ನು ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದರು.

“ಭಾಳ ಸ್ವಚ್ಛ ಕಾಣ್ತದವ್ವ. ಒಂದೊಂದು ಅಕ್ಷರ ಎದ್ದು ನಿಂತಾವ,” ಎಂದು ಪೇಪರು ಮಡಚಿ ಮಗಳ ಕೈಗಿಟ್ಟರು. “ಆದ್ರ ನಿನ್ನ ದನಿಯಾಗ ಕೇಳಿದಷ್ಟು ಚಂದ ಇಲ್ಲ. ಓದು.”