ಒಂದೇ ಆ್ಯಪ್, ಎರಡು ಒಲೆ

ನಮ್ಮ ಸಂಸಾರದಲ್ಲಿ ಇರುವವರು ಇಬ್ಬರೇ. ಆದರೂ ಮೂರನೆಯವರು ನಡುವೆ ಬಾಯಿ ಹಾಕದೆ ಒಂದು ವಾರವೂ ಕಳೆಯುವುದಿಲ್ಲ. ನಾನು ಶಹಾಬಾದದಲ್ಲಿ ಸರ್ಕಾರಿ ಗುಮಾಸ್ತ. ಹೆಂಡತಿಗೆ ಚಿಂಚೋಳಿಯ ಶಾಲೆಯಲ್ಲಿ ಟೀಚರ್ ನೌಕರಿ ಸಿಕ್ಕಿತು, ಹೋದಳು. ನಡುವೆ ಬಸ್ ಬದಲಿಸಿ ಬದಲಿಸಿ ಹೋಗುವಷ್ಟು ದೂರ. ವರ್ಗಾವಣೆಯ ಅರ್ಜಿ ಹಾಕಿ ಎರಡು ವರ್ಷ ದಾರಿ ಕಾದೆವು. ಆ ಎರಡು ವರ್ಷ ಎರಡೂ ಮನೆಗೆ ಸಾಮಾನು ತಂದುಕೊಟ್ಟದ್ದು ಒಂದು ಕಿರಾಣಿ ಆ್ಯಪ್. ಖಾತೆ ಒಂದು, ವಿಳಾಸ ಎರಡು. ಮೂರನೆಯವರು ಎಂದೆನಲ್ಲ, ಅದು ಆ ಆ್ಯಪಿನ ಕೃತಕ ಬುದ್ಧಿ.

೧. ಹಲ್ಲಿನ ಪರೀಕ್ಷೆ

ನಮ್ಮ ಕಡೆ ಜೋಳ ಕೊಳ್ಳುವ ಮೊದಲು ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದು ನೋಡುತ್ತಾರೆ. ನಮ್ಮ ಮನೆಯಲ್ಲಿ ಆ ಕೆಲಸ ಹೆಂಡತಿಯದು. ಅವಳು ಹೋದ ಮೇಲೆ ನಾನೇ ಫೋನಿಗೆ ಬಾಯಿಟ್ಟು ಕೇಳಿದೆ: "ಮೊದಲ ನಾಕ ಕಾಳ ಕಳಸ್ರಿ. ಕಡದು ನೋಡಿ ಹೇಳ್ತೀನಿ."

"ಚಿತ್ರವನ್ನು ದೊಡ್ಡದು ಮಾಡಿ ನೋಡಬಹುದು" ಎಂದಿತು ಅದು, ಬಹಳ ವಿನಯದಿಂದ.

ಹೆಂಡತಿಗೆ ಫೋನ್ ಮಾಡಿ ದೂರು ಹೇಳಿದೆ. ಅವಳು ನಕ್ಕು ನಕ್ಕು ಸುಸ್ತಾದಳು. "ಕಡದು ನೋಡೂ ಹಲ್ಲು ಚಿಂಚೋಳ್ಯಾಗ ಅವರಿ. ನೀವು ಚಿತ್ರ ನೋಡಿ ಸುಮ್ಮ ಕುಂದರ್ರಿ!"

೨. ಮರ್ಯಾದೆಯ ಪ್ರಶ್ನೆ

ನನ್ನ ಸಣ್ಣ ಸಣ್ಣ ಆರ್ಡರ್ ನೋಡಿ ಅದೇ ಒಂದು ದಿನ ಲೆಕ್ಕ ಹಾಕಿತು: "ಒಬ್ಬರೇ ಇರುವವರಿಗಾಗಿ: ಎರಡು ನಿಮಿಷದ ಉಪ್ಪಿಟ್ಟು."

ನನಗೆ ಸಿಟ್ಟು ನೆತ್ತಿಗೇರಿತು. ಒಬ್ಬನೇ ಇರುವುದು ನನಗೆ ಗೊತ್ತಿಲ್ಲವೇ? ಸಂಜೆ ಬೀಗ ತೆಗೆಯುವಾಗ ದಿನಾ ಗೊತ್ತಾಗುತ್ತದೆ. ಅದನ್ನು ಫೋನೂ ಹೇಳಬೇಕೇ? ಹಟಕ್ಕೆ ಬಿದ್ದು ಹತ್ತು ಕಿಲೋ ಜೋಳದ ಹಿಟ್ಟು ತರಿಸಿದೆ. ರೊಟ್ಟಿ ಬಡಿಯಲು ಬಾರದ್ದು ಆಮೇಲೆ ನೆನಪಾಯಿತು.

ಮರುದಿನ ಅದು ಕೇಳಿತು: "ಮನೆಯಲ್ಲಿ ಸಮಾರಂಭವೇ? ಕಾಗದದ ತಟ್ಟೆ ಬೇಕೇ?"

೩. ಜಂಟಿ ಊಟ

ಅವಳಿಗೆ ಊರಿಗೆ ಬರಲಾಗದ ಭಾನುವಾರ ನಾವಿಬ್ಬರೂ ಒಂದೇ ಅಡುಗೆ ಮಾಡುತ್ತಿದ್ದೆವು. ಬೆಳಿಗ್ಗೆ ಇಬ್ಬರೂ ಪುಂಡಿ ಸೊಪ್ಪು ತರಿಸುವುದು, ಫೋನನ್ನು ಒಲೆಯ ಪಕ್ಕ ಇಟ್ಟು ಪಲ್ಯ ಮಾಡುವುದು, ಕೂಡಿಯೇ ಉಣ್ಣುವುದು. ಅವಳ ಒಗ್ಗರಣೆಯ ಸದ್ದು ಕೇಳಿದರೆ ಅವಳು ಒಳಗೆ ಅಡುಗೆಮನೆಯಲ್ಲೇ ಇದ್ದಾಳೆ ಅನಿಸುತ್ತಿತ್ತು.

ಒಂದು ಭಾನುವಾರ ನನಗೆ ಸಂದೇಶ ಬಂತು: "ಒಂದೇ ಖಾತೆಯಿಂದ ಒಂದೇ ಸಾಮಾನು ಎರಡು ಸಲ. ತಪ್ಪನ್ನು ಸರಿಪಡಿಸಿದ್ದೇವೆ." ಸರಿಪಡಿಸಿದ್ದು ಹೇಗೆಂದರೆ, ಎರಡೂ ಪಾಲು ಚಿಂಚೋಳಿಗೆ! ನಾನು ಬರಿ ಬೋಗುಣಿಯ ಮುಂದೆ ಕೂತು ಅವಳು ಉಣ್ಣುವುದನ್ನು ಕೇಳಿದೆ.

"ಹೆಂಗದ ಪಲ್ಯ?" ಅಂದೆ.

"ಭಾಳ ಛಲೋ ಆಗ್ಯಾದರಿ. ನಿಮ್ಮ ಪಾಲಿಂದೂ ನಾನೇ ಉಣ್ಣಾಕತ್ತೀನಿ" ಅಂದಳು.

೪. ನಾನೇ ಜಾಣ

ಕಳೆದ ತಿಂಗಳು ಒಂದು ಭಾನುವಾರ ಸಾಮಾನು ತರುವ ಅಣ್ಣ ಬಾಗಿಲು ಬಡಿದರು. ಕೈಯಲ್ಲಿ ಎರಡು ಪಾಲು ಪುಂಡಿ. ನಾನು ಏನೂ ತರಿಸಿರಲಿಲ್ಲ. ಹೆಂಡತಿಗೆ ಫೋನ್ ಮಾಡಿದರೆ ಹತ್ತಲಿಲ್ಲ.

"ಇದು ಚಿಂಚೋಳಿಗೆ ಹೋಗೂದು. ನಿಮ್ಮ ಮಷಿನ್ ಮತ್ತ ದಾರಿ ತಪ್ಪ್ಯಾದ" ಅಂದೆ.

"ಇಲ್ಲೀದೇ ವಿಳಾಸ ಅದರಿ" ಅಂದರು ಅವರು.

"ನಮ್ಮ ಮನಿ ವಿಷಯ ನನಗ ಗೊತ್ತಿಲ್ಲೇನು?" ಎಂದು ಸೊಪ್ಪು ವಾಪಸ್ ಕಳಿಸಿ, ಆ್ಯಪಿನಲ್ಲಿ ಖಾರವಾಗಿ ದೂರು ಬರೆದೆ. ಕೊನೆಗೂ ಅದರ ಸೊಕ್ಕು ಮುರಿದೆ ಎಂದು ಚಹಾ ಮಾಡಿಕೊಂಡು ಕುಡಿದೆ.

ಮಧ್ಯಾಹ್ನ ಮತ್ತೆ ಬಾಗಿಲು ಬಡಿಯಿತು. ಹೆಂಡತಿ! ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ, ಕೈಯಲ್ಲಿ ವರ್ಗಾವಣೆಯ ಆದೇಶ. ಇಲ್ಲೇ ಪಕ್ಕದ ಭಂಕೂರ ಶಾಲೆಗೆ ಆಗಿತ್ತು, ನನಗೆ ಹೇಳದೆ ಬಂದಿದ್ದಳು. ನನ್ನ ಕಣ್ಣು ತುಂಬಿ ಬಂತು.

ಅವಳು ಟ್ರಂಕು ಇಳಿಸುತ್ತಲೇ ಕೇಳಿದಳು: "ಏನ್ರಿ, ಬಸ್ಸಿನಾಗ ಕುಂತು ಆ್ಯಪಿನಾಗ ಪುಂಡಿ ಹೇಳಿದ್ದೆ. ಬಂತೇನ್ರಿ?"

ಅಷ್ಟರಲ್ಲಿ ಫೋನೇ ಹೇಳಿತು: "ಕ್ಷಮಿಸಿ. ನಿಮ್ಮ ದೂರು ಸರಿಯಾಗಿದೆ. ಸೊಪ್ಪನ್ನು ಚಿಂಚೋಳಿಗೆ ಕಳಿಸಿದ್ದೇವೆ."

ಎರಡು ವರ್ಷ ನಾನು ಇಲ್ಲಿ, ಅವಳು ಅಲ್ಲಿ. ಅವತ್ತು ಮೊದಲ ಸಲ ನಾವಿಬ್ಬರೂ ಇಲ್ಲಿ, ಪುಂಡಿ ಅಲ್ಲಿ.